ಅಮರಮ್ಮ ಇಳಿದ ಹಸಿರು ಕೆರೆ

ಗುರುಗುಂಟಾದ ಅಮರಮ್ಮ ಮದುವೆಯಾಗಿ ತೆಗ್ಗಿಹಾಳಕ್ಕೆ ಬರುವವರೆಗೆ ಮೊಣಕಾಲಿಗಿಂತ ಆಳದ ನೀರನ್ನು ಕಂಡವಳಲ್ಲ. ಗುರುಗುಂಟಾದ ಕಡೆ ಮಳೆ ನಂಬಿದ ಹೊಲಗಳು, ಕುರಿ ಹಿಂಡುಗಳು. ನೀರು ಅಂದರೆ ಕೊಡದಲ್ಲಿರುವಂಥದ್ದು, ಸೊಂಟದ ಮೇಲೆ ಹೊತ್ತು ತರುವಂಥದ್ದು. ಅಂಥವಳನ್ನು ಅಪ್ಪ ಮೀನು ಹಿಡಿಯುವ ಮನೆಗೆ ಕೊಟ್ಟ. ಜಾತಿಯಲ್ಲಿ ಇವರೂ ಅಂಬಿಗರೇ. ಆದರೆ ಅಜ್ಜನ ಕಾಲದಿಂದಲೇ ಕೂಲಿಗೆ ಬಿದ್ದಿದ್ದರು. ಮನೆಯಲ್ಲಿ ಹುಟ್ಟು ಹಿಡಿದವರು ಒಬ್ಬರೂ ಇರಲಿಲ್ಲ.

ತೆಗ್ಗಿಹಾಳ, ಜವಳಗೇರಾದಲ್ಲಿ ಬಸ್ಸಿಳಿದು ಉಪಕಾಲುವೆಯ ದಂಡೆ ಹಿಡಿದು ಒಳಗೆ ನಡೆದರೆ ಸಿಗುವ ಊರು. ಸುತ್ತಲೂ ಭತ್ತ. ಊರ ಹಿಂದೆ ಕುಡಿಯುವ ನೀರಿನ ಕೆರೆ. ಕೆರೆ ಅನ್ನುವುದು ಮಾತಿಗೆ, ಅದು ನೆಲ ಅಗೆದು ನಾಲ್ಕೂ ಕಡೆ ಏರಿ ಕಟ್ಟಿ ಒಳಮೈಗೆ ಕಲ್ಲು ಹಾಸಿದ ದೊಡ್ಡ ಜಲಾಶಯ. ಬೇಸಿಗೆಗೆ ಕಾಲುವೆ ಬಂದ್ ಆಗುವ ಮೊದಲು ಅದನ್ನು ತುಂಬಿಸಿಕೊಳ್ಳಬೇಕು. ಮತ್ತೆ ಕಾಲುವೆಗೆ ನೀರು ಬಿಡುವವರೆಗೆ ಮನುಷ್ಯರಿಗೂ ದನಗಳಿಗೂ ಅದೇ ಗತಿ. ಬೋರಿನ ನೀರು ಬಾಯಿಗಿಡಲಾಗದಷ್ಟು ಉಪ್ಪು.

ಆ ಕೆರೆಯಲ್ಲಿ ಮೀನು ಹಿಡಿಯುವವನು ಗಂಡ ಪಂಪಾಪತಿ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ದುಂಡನೆಯ ತೆಪ್ಪದಲ್ಲಿ ಕೂಡಿಸಿಕೊಂಡು ನಡುನೀರಿಗೆ ಹೋದ. ಗಾಳಿಗೆ ತೆಪ್ಪ ಗಿರಗಿರ ತಿರುಗಿತು. ಅಮರಮ್ಮ ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ತವರಿನ ಅಮರೇಶ್ವರನನ್ನು ಕೂಗಿದಳು. ಅವನು ನಕ್ಕ.

"ಹೆದರಿದವರನ್ನ ನೀರು ಮುಳುಗಸಂಗಿಲ್ಲ ಬೇ. ಸೊಕ್ಕಿದವರನ್ನ ಮುಳುಗಸ್ತತಿ."

ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ. ದಡಕ್ಕೆ ಬಂದ ಮೇಲೆ ಮತ್ತೆ ತೆಪ್ಪ ಹತ್ತುವುದಿಲ್ಲ ಎಂದು ಆಣೆ ಮಾಡಿದಳು. ಅವನು ಹಿಡಿದು ತಂದದ್ದನ್ನು ಬುಟ್ಟಿಯಲ್ಲಿ ಹೊತ್ತು ಸಿಂಧನೂರಿನ ಮೀನು ಬಜಾರಿನಲ್ಲಿ ಮಾರುವುದು ಅವಳ ಪಾಲಿಗೆ ಬಂತು. ಒಬ್ಬಳೇ ಮಗಳು ಗಂಗಾ ಹುಟ್ಟಿದಳು, ಬೆಳೆದಳು, ಮದುವೆಯಾಗಿ ಲಿಂಗಸೂಗೂರಿಗೆ ಹೋದಳು.

ಮಗಳ ಮದುವೆಯಾದ ವರ್ಷವೇ ಪಂಪಾಪತಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಮನೆಯ ಹೊರಸಿನ ಮೇಲೆ ಮಲಗಿ ಎಡಗೈ ಆಡಿಸುತ್ತ ಅಸ್ಪಷ್ಟವಾಗಿ ಏನೋ ಅನ್ನುತ್ತಿದ್ದ, ಅಷ್ಟೇ. ಅಮರಮ್ಮ ಆಣೆ ಮುರಿದು ಹುಟ್ಟು ಹಿಡಿದಳು. ಹೆದರಿಕೆ ಹೋಗಿರಲಿಲ್ಲ. ಈಜು ಬಾರದವಳು ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬವೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ತೆಪ್ಪ ಹತ್ತುತ್ತಿದ್ದಳು. ಬಿದ್ದರೆ ಅದಾದರೂ ತೇಲಿಸೀತು ಎಂಬ ಆಸೆ. ಏರಿಯ ಮೇಲೆ ಕುಳಿತವರು ನೋಡಿ ನಗುತ್ತಿದ್ದರು. ಅವಳು ನೀರಿನ ಕಡೆ ನೋಡದೆ ಬಲೆಯ ಕಡೆ ಮಾತ್ರ ನೋಡುತ್ತ ಕೆಲಸ ಕಲಿತಳು.

ಒಂದು ಚಳಿಗಾಲ ಸಿಂಧನೂರಿನಲ್ಲಿ ಕೊರಮೀನಿಗೆ ಎಲ್ಲಿಲ್ಲದ ಗಿರಾಕಿ ಬಂತು. ಕೊರಮೀನು ಹಾವಿನ ತಲೆಯ ಕಪ್ಪು ಮೀನು, ಉಳಿದ ಮೀನುಗಳನ್ನು ತಿಂದು ಬದುಕುವ ಜಾತಿ. ನೀರು ತುಂಬಿದ ಡ್ರಮ್ಮಿನಲ್ಲಿ ಜೀವಂತ ಒಯ್ದರೆ ಅಲ್ಲೇ ನಿಂತು ಜಗಳವಾಡಿ ಕೊಳ್ಳುತ್ತಿದ್ದರು. ಬಾಣಂತಿಯರಿಗೆ ಅದರ ಸಾರು ಒಳ್ಳೆಯದೆಂಬ ಮಾತಿತ್ತು. ಅಮರಮ್ಮ ಕಪ್ಪೆಮರಿ ಸಿಕ್ಕಿಸಿದ ಗಾಳಗಳನ್ನು ಕಲ್ಲುಸಂದಿಯ ಉದ್ದಕ್ಕೂ ಇಟ್ಟಳು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಗಾಳಕ್ಕೆ ಒಂದೂ ಬೀಳದಾಯಿತು. ಕೆರೆಯಲ್ಲಿದ್ದವು ಮುಗಿದಿದ್ದವು. ದೊಡ್ಡ ಕೆಲಸ ಮಾಡಿದೆ ಎಂದು ಅವಳಿಗೆ ಹಿಗ್ಗಾಗಿತ್ತು.

ಆಮೇಲೆ ಕೆರೆಯಲ್ಲಿ ಉಳಿದದ್ದು ಜಿಲೇಬಿ ಮೀನು. ಅದನ್ನು ಯಾರೂ ಬಿಟ್ಟದ್ದಲ್ಲ. ಕಾಲುವೆ ನೀರಿನ ಜೊತೆ ಮರಿಯಾಗಿ ಬರುತ್ತದೆ. ಹೆಣ್ಣು ಮೀನು ತನ್ನ ಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ಹಾಗಾಗಿ ಸಾಯುವುದು ಕಡಿಮೆ, ಹೆಚ್ಚುವುದು ಜಾಸ್ತಿ. ಬೆರಳುದ್ದದ, ಬರೀ ಮುಳ್ಳಿನ ಮೀನು. ಅಮರಮ್ಮನ ಬಲೆಯ ಕಣ್ಣಿನಿಂದ ಅವು ಸಲೀಸಾಗಿ ಪಾರಾಗುತ್ತಿದ್ದವು. ಮಾರಿದರೂ ಕೊಳ್ಳುವವರಿರಲಿಲ್ಲ. ಬೆಳಗಿನ ಹೊತ್ತು ಅವು ಮೇಲೆ ಬಂದು ಬಾಯಿ ತೆರೆದರೆ ಕೆರೆಯ ಮೈಯೆಲ್ಲ ಅನ್ನ ಕುದಿಯುವಂತೆ ಕಾಣುತ್ತಿತ್ತು.

ಕಾಲುವೆ ಬಂದ್ ಆಗಿ ಬಿಸಿಲು ಏರಿದಾಗ ಕೆರೆ ಹಸಿರಾಗತೊಡಗಿತು.

ಮೊದಲು ಗಮನಿಸಿದವನು ನೀರುಗಂಟಿ ಗೌಸ್‌ಸಾಬ್. ಅವನು ಪಕ್ಕದ ಮನೆಯವನು, ನಳದ ಚಾವಿ ತಿರುಗಿಸುವವನು. "ಯಕ್ಕಾ, ನೀರಿನ ಬಣ್ಣ ನೋಡಿಯೇನು?" ಎಂದ. ಹೆಸರುಕಾಳು ನೆನೆಹಾಕಿದ ನೀರಿನ ಹಾಗಿತ್ತು. ಆಮೇಲೆ ದಿನದಿಂದ ದಿನಕ್ಕೆ ಅದು ದಪ್ಪವಾಯಿತು. ಪಡುವಣ ಗಾಳಿ ಬೀಸಿದಾಗ ಹಸಿರೆಲ್ಲ ಮೂಡಣ ಮೂಲೆಗೆ ಸರಿದು, ಬಾಗಿಲಿಗೆ ಬಳಿಯುವ ಬಣ್ಣದಂತೆ ಹೆಪ್ಪುಗಟ್ಟುತ್ತಿತ್ತು. ದನಗಳು ನೀರಿಗಿಳಿಯುವ ಇಳಿಜಾರೂ ಅಲ್ಲೇ ಇತ್ತು. ಒಣಗಿದ ಅಂಚು ನೀಲಿಗಟ್ಟಿ ಕೊಳೆತ ಹುಲ್ಲಿನ ನಾತ ಬೀರುತ್ತಿತ್ತು. ಅಮರಮ್ಮ ಹುಟ್ಟು ಹಾಕಿದರೆ ನೀರು ಸೀಳಿದ ಗೆರೆ ಮೂಡಿ, ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಅಡಿಯಲ್ಲಿ ಏನಿದೆ ಎಂಬುದು ಅಂಗೈ ಅಗಲದಷ್ಟೂ ಕಾಣುತ್ತಿರಲಿಲ್ಲ. ಅವಳು ತೆಪ್ಪವನ್ನು ಏರಿಯ ಮೇಲೆ ಬೋರಲು ಹಾಕಿಟ್ಟು ಮನೆಯಲ್ಲಿ ಕುಳಿತಳು.

ಗಂಗಾ ಆಗ ಬಸುರಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

ಒಂದು ಮಧ್ಯಾಹ್ನ ಸಿದ್ದರಾಮನ ಎರಡು ಎಮ್ಮೆಗಳು ಆ ಮೂಲೆಯಲ್ಲಿ ನೀರು ಕುಡಿದವು. ಸಿದ್ದರಾಮ ಊರಿನ ನಟ್ಟನಡುವೆ ಮನೆಯಿದ್ದವನು, ಹಾಲಿನ ಮೇಲೇ ಸಂಸಾರ ನಡೆಸುವವನು. ಎಮ್ಮೆಗಳು ಏರಿ ಹತ್ತುವಾಗಲೇ ಕಾಲು ನಡುಗಿದವು. ಒಂದು ಊರ ಅಗಸಿ ಬಾಗಿಲ ಹತ್ತಿರ ಬಿತ್ತು, ಇನ್ನೊಂದು ಕೊಟ್ಟಿಗೆಯ ಬಾಗಿಲಲ್ಲಿ. ಬಾಯಲ್ಲಿ ನೊರೆ, ಮೈಯೆಲ್ಲ ಅದುರು. ಹೊತ್ತು ಮುಳುಗುವ ಮೊದಲೇ ಎರಡೂ ಸತ್ತವು.

ಸುದ್ದಿ ಕೇಳಿದಾಗ ಅಮರಮ್ಮ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿಬಂದು ಮಗಳ ಹೊಟ್ಟೆ ಮುಟ್ಟಿದಳು.

"ಗಂಗಾ, ಎಷ್ಟು ನೀರು ಕುಡದಿ ಇವತ್ತ?"

"ದಿನಾ ಕುಡದಷ್ಟ. ಯಾಕಬೇ?"

"ಹೊಟ್ಟಿ ನೋಯಾಕತ್ತತೇನು? ಕೂಸು ಮಿಸುಗಾಡ್ತತೇನು?"

"ಈಗ ಒದ್ದೈತಿ. ನೀ ಯಾಕ ಹಿಂಗ ನಡಗಾಕತ್ತಿ?"

ಅಮರಮ್ಮ ಕೊಡಗಳ ನೀರನ್ನೆಲ್ಲ ಬೀದಿಗೆ ಚೆಲ್ಲಿದಳು. ಆಮೇಲೆ ಗಳಿಗೆಗೊಮ್ಮೆ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಕೂಸು ಒದೆಯುವವರೆಗೆ ತೆಗೆಯದೆ ಕುಳಿತಳು.

ಮರುದಿನ ಹೊತ್ತೇರುವಾಗ ಬಾಗಿಲ ಮುಂದೆ ಮಂದಿ ಸೇರಿದರು. ಮುಂದೆ ಸಿದ್ದರಾಮ. ಅತ್ತು ಅತ್ತು ಕಣ್ಣು ಬಾತಿದ್ದವು.

"ಹೊರಗ ಬಾ ಅಮರಮ್ಮ! ನೀರಿಗೆ ಏನ ಹಾಕಿದಿ ಹೇಳು."

ಅಮರಮ್ಮ ಹೊಸ್ತಿಲ ಒಳಗೇ ನಿಂತಳು. "ನಾ ಏನೂ ಹಾಕಿಲ್ಲಪಾ. ನನ್ನ ಮಗಳೂ ಅದ ನೀರು ಕುಡಿತಾಳ."

"ಮೀನು ಮ್ಯಾಲ ಬರಲೆಂತ ಎಣ್ಣಿ ಬಿಟ್ಟೀದಿ. ಬ್ಯಾರೆ ಊರಾಗೂ ಹಿಂಗ ಮಾಡ್ತಾರ, ನಮಗ ಗೊತ್ತಿಲ್ಲೇನು?" ಎಣ್ಣಿ ಎಂದರೆ ಅಲ್ಲಿ ಬೆಳೆಗೆ ಹೊಡೆಯುವ ವಿಷ.

ಹಿಂದಿನಿಂದ ಇನ್ನೊಬ್ಬ ಕೂಗಿದ: "ಸೊಂಟಕ್ಕ ಡಬ್ಬಿ ಕಟ್ಕೊಂಡು ಕೆರಿಯಾಗ ಹೋಗೂದು ಊರ ಮಂದಿ ನೋಡ್ಯಾರ. ಅದರಾಗ ಏನಿತ್ತು ಕೇಳ್ರಿ!"

ಅಮರಮ್ಮ ತಿರುಗಿ ಡಬ್ಬದ ಕಡೆ ನೋಡಿದಳು. ಇಷ್ಟು ವರ್ಷ ಅದೇ ಡಬ್ಬ ನೋಡಿ ನಕ್ಕವರು ಇವರೇ. "ಖಾಲಿ ಡಬ್ಬಿ ಅದು... ಮುಳುಗಬಾರದಂತ ಕಟ್ಕೊಂತಿದ್ನಿ..." ಎಂದಳು. ಅವಳ ಮಾತು ಅವಳಿಗೇ ಸುಳ್ಳಿನಂತೆ ಕೇಳಿಸಿತು. ಇಬ್ಬರು ಒಳನುಗ್ಗಿ ಗೂಟಕ್ಕೆ ತೂಗುಹಾಕಿದ್ದ ಡಬ್ಬ ಕಿತ್ತುಕೊಂಡರು. ಮೂಸಿ ನೋಡಿದರು. ಪೊಲೀಸರಿಗೆ ಕೊಡುತ್ತೇವೆ ಎಂದರು. ಹೊರಸಿನ ಮೇಲೆ ಪಂಪಾಪತಿ ಎಡಗೈ ಎತ್ತಿ ಗಂಟಲು ಹರಿಯುವಂತೆ ಒರಲುತ್ತಿದ್ದ. ಗುಂಪಿನಲ್ಲಿ ಯಾರೋ "ಮನಿಗೆ ಬೆಂಕಿ ಹಚ್ಚಿದ್ರ ಬಾಯಿ ಬಿಡ್ತಾಳ" ಎಂದದ್ದು ಕೇಳಿಸಿತು. ಯಾರೆಂದು ಅವಳು ಕೊನೆಗೂ ತಿಳಿದುಕೊಳ್ಳಲಿಲ್ಲ. ತಿಳಿಯಲು ಧೈರ್ಯವಾಗಲಿಲ್ಲ.

ಗೌಸ್‌ಸಾಬ್ ತನ್ನ ಕಟ್ಟೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಮೆಹಬೂಬ್‌ಬೀ ಮಾತ್ರ ಹಿತ್ತಲ ಗೋಡೆ ದಾಟಿ ಬಂದು ಗಂಗಾಳ ಕೈ ಹಿಡಿದಳು. "ಈ ಹುಡಗೀನ ಇಲ್ಲಿ ಇಟ್ಕೋಬ್ಯಾಡಬೇ. ನಾ ಕರಕೊಂಡು ಹೊಂಟೀನಿ."

ಹೀಗೆ ಗಂಗಾ, ಮೆಹಬೂಬ್‌ಬೀಯ ಜೊತೆ ಬಸ್ಸು ಹತ್ತಿ ಗುರುಗುಂಟಾದ ಸೋದರಮಾವನ ಮನೆ ಸೇರಿದಳು. ಮಗಳು ಹೋದ ಮೇಲೆ ಅಮರಮ್ಮ ಬಾಗಿಲಿಗೆ ಅಗಳಿ ಹಾಕಿ, ಗಂಡನ ಹೊರಸಿನ ಕಾಲಿಗೆ ಬೆನ್ನು ಕೊಟ್ಟು ಕುಳಿತಳು. ಬೀದಿಯಲ್ಲಿ ಚಪ್ಪಲಿಯ ಸಪ್ಪಳವಾದರೆ ಉಸಿರು ಹಿಡಿಯುತ್ತಿದ್ದಳು.

ಸತ್ತ ಎಮ್ಮೆಗಳನ್ನು ನೋಡಲು ಬಂದ ದನದ ಡಾಕ್ಟರು ನೀರಿನ ಬಣ್ಣ ನೋಡಿ ತಮಗೆ ಪರಿಚಯವಿದ್ದ ಉಪನ್ಯಾಸಕಿಯೊಬ್ಬಳನ್ನು ಕರೆಸಿದರು. ಅವಳ ಹೆಸರು ಭಾರತಿ. ಮಸ್ಕಿಯ ಬೌದ್ಧ ಮನೆತನದವಳು, ತಂದೆ ಅಂಚೆ ಇಲಾಖೆಯಲ್ಲಿದ್ದವರು. ಸಿಂಧನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದಳು. ಜಲಾಶಯಗಳಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುವ ಜೀವಿಗಳೇ ಅವಳ ಅಧ್ಯಯನದ ವಿಷಯ. ನಡುನೀರಿನಿಂದ ನೀರು ತೆಗೆಯಬೇಕು, ತೆಪ್ಪ ಯಾರದು ಎಂದು ಕೇಳಿದಳು. ಅಮರಮ್ಮನದು ಎಂದರು ಊರಿನವರು.

"ಆಕಿ ಜೋಡಿ ಹೋಗಬ್ಯಾಡ್ರಿ ಮೇಡಂ," ಎಂದ ಒಬ್ಬ.

"ಮತ್ತ ನೀವು ಒಯ್ತೀರೇನು?"

ಯಾರೂ ಮುಂದೆ ಬರಲಿಲ್ಲ. ಭಾರತಿ ತಾನೇ ಬಂದು ಅಮರಮ್ಮನ ಬಾಗಿಲು ಬಡಿದಳು. ಬಡಿತ ಕೇಳಿ ಅಮರಮ್ಮ ಮೊದಲು ಎದ್ದು ಓಡಿದ್ದು ಹಿತ್ತಲ ಕಡೆಗೆ. ಹೆಂಗಸಿನ ದನಿ ಎಂದು ತಿಳಿದ ಮೇಲೆ ಅಗಳಿ ತೆಗೆದಳು.

ತಾನೇ ಹುಟ್ಟು ಹಿಡಿದ ಮೇಲೆ ಡಬ್ಬವಿಲ್ಲದೆ ತೆಪ್ಪ ಹತ್ತಿದ್ದು ಅವಳಿಗೆ ಅದೇ ಮೊದಲು. ಏರಿಯ ಮೇಲೆ ಊರೇ ನಿಂತು ನೋಡುತ್ತಿತ್ತು. ಹುಟ್ಟು ಮತ್ತೆ ಮತ್ತೆ ತೆಪ್ಪದ ಅಂಚಿಗೆ ಬಡಿಯುತ್ತಿತ್ತು. ನಡುನೀರಿನಲ್ಲಿ ಭಾರತಿ ಬಟ್ಟೆಯ ಚೂಪು ಚೀಲವೊಂದನ್ನು ಹಗ್ಗ ಕಟ್ಟಿ ಇಳಿಬಿಟ್ಟು ಮೆಲ್ಲಗೆ ಮೇಲೆಳೆದಳು. ಚೀಲದ ತುದಿಯ ಶೀಶೆಯಲ್ಲಿ ಸೇರಿದ್ದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಹೆಗಲಚೀಲದಿಂದ ಇನ್ನೊಂದು ಶೀಶೆ ತೆಗೆದು ಅಮರಮ್ಮನ ಕೈಗೆ ಕೊಟ್ಟಳು.

"ಇದು ಮಸ್ಕಿ ಡ್ಯಾಮಿಂದ ತಂದ ನೀರು ಅಕ್ಕಾ. ನೋಡ್ರಿ, ಏನು ಕಾಣ್ತತಿ?"

ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಒಂದೊಂದು ಕುಪ್ಪಳಕ್ಕೂ ಕೆಳಗೆ ಜಾರಿ ಮತ್ತೆ ಏರುತ್ತಿದ್ದವು. "ಚಿಗಟ ಹಾರಿದಂಗ ಹಾರಾಕತ್ಯಾವ್ರಿ," ಎಂದಳು ಅಮರಮ್ಮ.

"ನಾವೂ ನೀರಚಿಗಟ ಅಂತೀವಿ. ಈಗ ನಿಮ್ಮ ಕೆರಿದು ನೋಡ್ರಿ."

ಆ ಶೀಶೆಯಲ್ಲಿ ಹಸಿರು ಪುಡಿ ಬಿಟ್ಟರೆ ಏನೂ ಮಿಸುಗಾಡುತ್ತಿರಲಿಲ್ಲ.

ಭಾರತಿ ಬಿಡಿಸಿ ಹೇಳಿದಳು. ನೀರಚಿಗಟಕ್ಕೆ ಈ ಹಸಿರೇ, ಅಂದರೆ ನೀರಿನಲ್ಲಿ ತೇಲುವ ಪುಡಿ ಪಾಚಿಯೇ, ಮೇವು. ಕುರಿ ಹುಲ್ಲು ಮೇದಂತೆ ಅದು ನೀರನ್ನು ಸೋಸಿ ಮೇಯುತ್ತದೆ. ದೊಡ್ಡ ಚಿಗಟ ಹೆಚ್ಚು ಮೇಯುತ್ತದೆ. ಆದರೆ ಸಣ್ಣ ಮೀನಿಗೆ ಆ ಚಿಗಟವೇ ಊಟ. ಮೀನು ಕಣ್ಣಿನಿಂದ ಬೇಟೆಯಾಡುತ್ತದೆ, ಹಾಗಾಗಿ ಕಣ್ಣಿಗೆ ಬೀಳುವ ದೊಡ್ಡದನ್ನೇ ಮೊದಲು ಹೆಕ್ಕಿ ತಿನ್ನುತ್ತದೆ. ಸಣ್ಣ ಮೀನು ವಿಪರೀತವಾದರೆ ದೊಡ್ಡ ಚಿಗಟದ ಕುಲವೇ ಅಳಿದು, ಹಸಿರನ್ನು ಮೇಯಲಾರದ ಪುಟ್ಟ ಜೀವಿಗಳಷ್ಟೇ ಉಳಿಯುತ್ತವೆ. ಮೇಯುವವರಿಲ್ಲದ ಹಸಿರು ಉಕ್ಕುತ್ತದೆ. ಈ ಜಾತಿಯ ಹಸಿರು ಕೆಲವೊಮ್ಮೆ ತಾನೇ ವಿಷ ಕಕ್ಕುತ್ತದೆ.

ತಳದ ತನಕ ಚೀಲ ಬಿಟ್ಟು ಮತ್ತೊಮ್ಮೆ ಎಳೆದಾಗ ಎಣಿಸಿದಷ್ಟು ಚಿಗಟ ಸಿಕ್ಕವು, ಅವೂ ತೀರ ಸಣ್ಣವು. "ಹಗಲೊತ್ತು ಕೆಳಗ ಕತ್ತಲಾಗ ಅಡಗಿ ಕುಂದರ್ತಾವ," ಎಂದಳು ಭಾರತಿ. "ಮೀನಿನ ವಾಸನಿ ನೀರಾಗ ಹತ್ತತಿ ಇವಕ್ಕ. ಹತ್ತಿದ ಕೂಡಲೆ ಮೈ ದೊಡ್ಡದು ಮಾಡ್ಕೊಳ್ಳೂದ ಬಿಟ್ಟು, ಲಗೂನ ಮರಿ ಹಾಕ್ತಾವ."

ಅಮರಮ್ಮ ಶೀಶೆಯನ್ನು ಹಿಂದಕ್ಕೆ ಕೊಟ್ಟಳು. ಅವಳ ತಲೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ದನಿ ತಗ್ಗಿಸಿ ಕೇಳಿದಳು: "ಮೇಡಂ, ಆ ಸಣ್ಣ ಮೀನ ತಿನ್ನೂ ಕೊರಮೀನ ಯಾರರ ಎಲ್ಲಾ ಹಿಡದಬಿಟ್ಟಿದ್ರ?"

ಭಾರತಿ ಅವಳ ಮುಖ ನೋಡಿದಳು. "ನೀವು ಹಿಡದ್ರೇನು?"

"ಒಂದೂ ಬಿಡಲಿಲ್ರಿ."

"ಅದೂ ಒಂದು ಕಾರಣ ಇರಬಹುದು ಅಕ್ಕಾ. ಅದೊಂದ ಅಲ್ಲ. ಗದ್ದಿಗೆ ಹಾಕಿದ ಗೊಬ್ಬರ ಹರದು ಬಂದೈತಿ, ಬಿಸಿಲು ಐತಿ, ನೀರು ನಿಂತೈತಿ. ಎಮ್ಮಿ ಸತ್ತದ್ದು ಇದರಿಂದನ ಅಂತ ಪರೀಕ್ಷಿ ಆಗೂತನಕ ನಾನೂ ಹೇಳಂಗಿಲ್ಲ."

ಆದರೆ ಅಮರಮ್ಮನಿಗೆ ಅಷ್ಟು ಸಾಕಾಗಿತ್ತು. ಅಲ್ಲಿಯವರೆಗೆ ಮಾಡದ ತಪ್ಪಿಗೆ ಹೆದರಿದ್ದಳು. ಈಗ ದಡದಲ್ಲಿ ನಿಂತವರಿಗೆ ಇದು ಗೊತ್ತಾದರೆ ಏನಾದೀತು ಎಂಬ ಹೆದರಿಕೆ ಹತ್ತಿತು. ದಡ ಮುಟ್ಟಿದಾಗ ಭಾರತಿಯನ್ನು ಮೊದಲು ಇಳಿಸಿ, ತಾನು ತೆಪ್ಪದಲ್ಲೇ ಕುಳಿತಳು.

ಭಾರತಿ ಊರವರಿಗೆ ಎಲ್ಲವನ್ನೂ ಹೇಳಿದಳು. ಯಾರು ಏನು ಹಿಡಿದರು ಎಂಬುದನ್ನು ಹೇಳಲಿಲ್ಲ. ನಳ ಬಂದ್ ಮಾಡಿ, ದನಗಳನ್ನು ಆ ಮೂಲೆಗೆ ಬಿಡಬೇಡಿ ಎಂದಳು. ಸಣ್ಣ ಮೀನನ್ನು ಆದಷ್ಟು ತೆಗೆದರೆ ಚಿಗಟ ಮತ್ತೆ ಹೆಚ್ಚಿ ನೀರು ತಿಳಿಯಾಗಬಹುದು, ಖಾತ್ರಿ ಕೊಡಲಾರೆ, ನಮ್ಮಂಥ ಬಿಸಿಲ ನಾಡಿನಲ್ಲಿ ಇದು ಒಮ್ಮೊಮ್ಮೆ ಫಲಿಸುವುದಿಲ್ಲ ಎಂದಳು. ಮೇಲಿನ ಹಸಿರು ಕೆನೆಯನ್ನು ಮೊದಲು ಮೊಗೆದು ತೆಗೆಯಬೇಕು. ನೀರಿಗಿಳಿಯುವವರ ಬಾಯಿಗೆ ಹನಿಯೂ ಹೋಗಬಾರದು.

ಮನುಷ್ಯರಿಗೆ ಟ್ಯಾಂಕರ್ ಬಂತು. ದನಗಳಿಗೆ ಬರಲಿಲ್ಲ. ಸುತ್ತಲ ಊರಿನ ಮೀನುಗಾರರು ವಿಷದ ಕೆರೆ ಎಂಬ ಖಬರು ಕೇಳಿ ಬರಲು ಒಪ್ಪಲಿಲ್ಲ. ಇಳಿಯುವವಳು ಅಮರಮ್ಮನೇ ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಯಿತು. ಅವಳೂ ಮೆಹಬೂಬ್‌ಬೀಯೂ ಊರಿನ ಹಳೆಯ ಸೊಳ್ಳೆಪರದೆಗಳನ್ನೆಲ್ಲ ಬೇಡಿ ತಂದು ಒಂದಕ್ಕೊಂದು ಹೊಲಿದರು.

ಮೊಗೆದು ಉಳಿದ ಕೆನೆಯನ್ನು ಗಾಳಿ ಆಚೆ ದಡಕ್ಕೆ ತಳ್ಳಿದ ಒಂದು ಬೆಳಿಗ್ಗೆ ಅವಳು ಏರಿಯ ಮೇಲೆ ಬಂದು ನಿಂತಳು. ಪರದೆಯ ಒಂದು ತುದಿ ಹಿಡಿದು ದಡದಲ್ಲಿ ನಡೆಯಲು ಗೌಸ್‌ಸಾಬ್ ಬಂದಿದ್ದ. ಇನ್ನೊಂದು ತುದಿ ಹಿಡಿದವರು ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಡಬ್ಬ ಪೊಲೀಸರ ಹತ್ತಿರವಿತ್ತು. ಅವಳು ಬಾವಿಯ ಹಗ್ಗವೊಂದನ್ನು ಸೊಂಟಕ್ಕೆ ಬಿಗಿದುಕೊಂಡಳು. ಅದರ ತುದಿಯನ್ನು ಯಾರು ಹಿಡಿಯಬೇಕು?

ಗುಂಪಿನಲ್ಲಿ ಸಿದ್ದರಾಮ ನಿಂತಿದ್ದ. ಅವಳು ಅವನ ಮುಂದೆ ಹೋಗಿ ಹಗ್ಗದ ತುದಿ ಚಾಚಿದಳು.

"ಹಿಡಿ ತಮ್ಮಾ."

"ನಾ ಯಾಕ ಹಿಡೀಲಿ?"

"ನಿನ್ನ ಎಮ್ಮಿ ನಾ ಕೊಂದೀನಿ ಅನ್ನಿಸಿದ್ರ, ಅಲ್ಲಿ ಹೋದಮ್ಯಾಲ ಬಿಟ್ಟಬಿಡು."

ಮಾತು ಧೈರ್ಯದ್ದಾಗಿತ್ತು, ಅವಳ ಹಲ್ಲು ಮಾತ್ರ ಕಟಕಟ ಅನ್ನುತ್ತಿದ್ದವು. ಸಿದ್ದರಾಮ ಸುತ್ತ ನೋಡಿದ. ಹಗ್ಗವನ್ನು ಕೈಗೆ ಸುತ್ತಿಕೊಂಡ.

ಅವಳು ಬಾಯಿಗೆ ಸೆರಗು ಬಿಗಿದು ನೀರಿಗಿಳಿದಳು. ನೀರು ಬೆಚ್ಚಗಿತ್ತು, ಗಂಜಿಯಂತೆ ಮೈಗೆ ಅಂಟುತ್ತಿತ್ತು. ಕಾಲಡಿಯ ಕಲ್ಲು ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿ ತಡವಿ ಹೆಜ್ಜೆ ಹಾಕಬೇಕು. ಮೊದಲ ಎಳೆತಕ್ಕೇ ಪರದೆಯಲ್ಲಿ ಜಿಲೇಬಿ ಮೀನು ಕಲ್ಲಿನಷ್ಟು ಭಾರವಾಗಿ ತುಂಬಿತು. ಎರಡನೆಯ ಸಲ ಕಾಲುವೆಯ ನೀರು ಒಳಬರುವ ತೂಬಿನ ಕಡೆಗೆ ಸರಿದಳು. ಅಲ್ಲಿ ನೀರು ಬಿದ್ದು ಬಿದ್ದು ಗುಂಡಿಯಾಗಿದ್ದು ಅವಳಿಗೆ ಮರೆತಿತ್ತು. ಒಂದು ಹೆಜ್ಜೆಗೆ ನೆಲವಿತ್ತು, ಮುಂದಿನ ಹೆಜ್ಜೆಗೆ ಇರಲಿಲ್ಲ.

ತಲೆ ಮುಳುಗಿತು. ಕಣ್ಣು ತೆರೆದರೆ ಹಸಿರು, ಅದರ ಕೆಳಗೆ ಕಪ್ಪು. ಪರದೆ ಕಾಲಿಗೆ ಸುತ್ತಿಕೊಂಡಿತು. ಮೀನುಗಳು ಮುಖಕ್ಕೆ, ಕುತ್ತಿಗೆಗೆ ಬಡಿದವು. ಹಗ್ಗ ಹಿಡಿದು ಎಳೆದಳು. ಅದು ಸಡಿಲವಾಗಿತ್ತು. ಬಿಟ್ಟುಬಿಟ್ಟ, ಎಂದುಕೊಂಡಳು. ಬಾಯಿ ತೆರೆಯಿತು, ಆ ನೀರು ಗಂಟಲಿಗಿಳಿಯಿತು. ಅದರ ರುಚಿ ಹಸಿ ಮಣ್ಣಿನದು.

ಆಮೇಲೆ ಸೊಂಟ ಕತ್ತರಿಸಿದಂತೆ ಹಗ್ಗ ಬಿಗಿಯಿತು. ಕಲ್ಲಿನ ಮೇಲೆ ಮೊಣಕೈ ತರಚುತ್ತ ಅವಳು ಇಳಿಜಾರಿಗೆ ಬಂದು ಬಿದ್ದಳು. ಯಾರೋ ಬೆನ್ನು ಗುದ್ದಿದರು. ಹಸಿರು ನೀರನ್ನು ಕಾರಿದಳು, ಮತ್ತೆ ಕಾರಿದಳು.

ಸಿದ್ದರಾಮ ಅವಳ ಪಕ್ಕದಲ್ಲಿ ಮಂಡಿಯೂರಿದ್ದ. ಅಂಗೈ ಸುಲಿದು ರಕ್ತ ಬರುತ್ತಿತ್ತು. "ನಾ ಬಿಟ್ಟಿದ್ದಿಲ್ಲಬೇ," ಎಂದ. "ಹಗ್ಗ ಕಲ್ಲಿಗೆ ಸಿಕ್ಕಿತ್ತು. ಬಿಡಸಾಕ ಸಡ್ಲ ಮಾಡಿದ್ನಿ, ಅಷ್ಟ. ಅಮರೇಶನಾಣೆ ನಾ ಬಿಟ್ಟಿದ್ದಿಲ್ಲ."

ಅವನ ಮಾತು ನಿಜವೋ ಅಲ್ಲವೋ ಎಂದು ಅವಳು ಮುಂದೆ ಎಷ್ಟೋ ಸಲ ಯೋಚಿಸಿದ್ದುಂಟು. ಕೈ ಸುಲಿದದ್ದಂತೂ ನಿಜ.

ಸಿಂಧನೂರಿನ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದರು. ಎಮ್ಮೆಯ ಕಾಲು ನಡುಗಿದ್ದು ಎಷ್ಟು ಹೊತ್ತಿಗೆ ಎಂದು ಅವಳು ಬಂದವರನ್ನೆಲ್ಲ ಕೇಳುತ್ತಿದ್ದಳು. ಮತ್ತೆ ಮತ್ತೆ ಕಾಲು ಎತ್ತಿ ನೋಡಿಕೊಳ್ಳುತ್ತಿದ್ದಳು. ಕಾಲು ನಡುಗುತ್ತಲೇ ಇದ್ದವು. ವಿಷಕ್ಕೋ ಹೆದರಿಕೆಗೋ ತಿಳಿಯದು. ಮೆಹಬೂಬ್‌ಬೀ ಹಾಸಿಗೆಯ ಪಕ್ಕ ಕುಳಿತು, "ಎಮ್ಮಿ ನಿನ್ನಂಗ ಮಾತಾಡ್ಲಿಲ್ಲಬೇ, ನೀ ಸಾಯಂಗಿಲ್ಲ" ಎಂದು ಸಮಾಧಾನ ಮಾಡಿದಳು. ವಾಂತಿ, ಮೈಮೇಲೆ ದದ್ದು, ಒಂದಿಷ್ಟು ಜ್ವರ ಬಂದು ಹೋದವು. ನೀವು ಕುಡಿದ ಕಡೆ ಕೆನೆ ಇರಲಿಲ್ಲ, ಹಾಗಾಗಿ ಬದುಕಿದಿರಿ ಎಂದರು ಡಾಕ್ಟರು.

ಮನೆಗೆ ಬಂದವಳು ಮತ್ತೆ ಏರಿಯ ಮೇಲೆ ಹೋದಾಗ ನೀರಿನಲ್ಲಿ ಸಿದ್ದರಾಮನೇ ನಿಂತಿದ್ದ, ಸೊಂಟಕ್ಕೆ ಅದೇ ಹಗ್ಗ. ತುದಿ ಗೌಸ್‌ಸಾಬನ ಕೈಯಲ್ಲಿತ್ತು. ಇನ್ನೂ ಕೆಲವರು ಪರದೆ ಎಳೆಯುತ್ತಿದ್ದರು. ಅಮರಮ್ಮ ದಡದಲ್ಲಿ ನಿಂತು ಎಲ್ಲಿ ಗುಂಡಿ, ಎಲ್ಲಿ ಪಾಚಿ ಎಂದು ಕೂಗಿ ಹೇಳಿದಳು. ಟ್ರ್ಯಾಕ್ಟರ್‌ಗಟ್ಟಲೆ ಜಿಲೇಬಿ ಮೀನು ಹೊಲದ ಗುಂಡಿಗೆ ಹೋಯಿತು.

ಪರೀಕ್ಷೆಯ ಫಲ ಬಂತು. ನೀರಿನಲ್ಲಿ ಬೆಳೆಗೆ ಹೊಡೆಯುವ ಎಣ್ಣಿ ಇರಲಿಲ್ಲ, ಇದ್ದದ್ದು ಆ ಹಸಿರೇ ಕಕ್ಕಿದ ವಿಷ. ಓದಿ ಹೇಳಿದಾಗ ಸಿದ್ದರಾಮ ಎದ್ದು ಹೋದ. ಅಂದು ಸಂಜೆ ಅವನ ಹೆಂಡತಿ ಅಮರಮ್ಮನ ಮನೆಗೆ ಮಜ್ಜಿಗೆ ತಂದುಕೊಟ್ಟಳು. ಮಾತು ಅಷ್ಟಕ್ಕೇ ಮುಗಿಯಿತು. ಕೊರಮೀನಿನ ವಿಷಯವನ್ನು ಅಮರಮ್ಮ ತಾನೇ ಪಂಚಾಯ್ತಿ ಕಟ್ಟೆಯ ಮೇಲೆ ಹೇಳಿದಳು. ಹೇಳುವಾಗ ಕಂಬ ಹಿಡಿದುಕೊಂಡಿದ್ದಳು. ಒಬ್ಬಿಬ್ಬರು ಗೊಣಗಿದರು. "ನೀ ಮಾರಿದ್ದು ತಿಂದವರೂ ನಾವ ಅಲ್ಲೇನು" ಎಂದು ಗೌಸ್‌ಸಾಬ್ ಅಂದ ಮೇಲೆ ಸುಮ್ಮನಾದರು.

ನೀರು ಒಮ್ಮೆಲೇ ತಿಳಿಯಾಗಲಿಲ್ಲ. ಸ್ವಲ್ಪ ತಿಳಿಯಾಯಿತು, ಮತ್ತೆ ಹಸಿರಾಯಿತು. ಕಾಲುವೆಗೆ ಹೊಸ ನೀರು ಬಂದ ಮೇಲೆ ಅಮರಮ್ಮ ಹಳ್ಳಕೊಳ್ಳ ತಿರುಗಿ ಕೊರಮೀನಿನ ಮರಿಗಳನ್ನು ಕೊಡದಲ್ಲಿ ತಂದು ಕೆರೆಗೆ ಬಿಟ್ಟಳು. ಈಗ ಅವುಗಳಿಗೆ ಗಾಳ ಹಾಕುವುದಿಲ್ಲ. ಸಣ್ಣ ಕಣ್ಣಿನ ಬಲೆಯಿಂದ ಜಿಲೇಬಿಯನ್ನೇ ಎಳೆದು ಕೋಳಿ ಸಾಕುವವರಿಗೆ ಕೊಡುತ್ತಾಳೆ. ಗಂಗಾ ಗುರುಗುಂಟಾದಲ್ಲೇ ಹೆತ್ತಳು. ಹೆಣ್ಣು ಕೂಸು. ಅಮರಮ್ಮ ಹೋಗಿ ನೋಡಿ, ಕೈಕಾಲಿನ ಬೆರಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಬಂದಳು. ತೆಗ್ಗಿಹಾಳಕ್ಕೆ ಬಾ ಎಂದು ಮಗಳನ್ನು ಕರೆಯಲು ಇನ್ನೂ ಬಾಯಿ ಬಂದಿಲ್ಲ.

ಮರುವರ್ಷ ಕಾಲುವೆ ನಿಲ್ಲುವ ಮುಂಚೆ ಭಾರತಿ ಮತ್ತೆ ಬಂದಳು. ಇಬ್ಬರೂ ನಡುನೀರಿಗೆ ಹೋದರು. ಬಟ್ಟೆಯ ಚೀಲ ಇಳಿಯಿತು, ಏರಿತು. ಶೀಶೆಯಲ್ಲಿ ಚಿಗಟಗಳು ಕುಪ್ಪಳಿಸುತ್ತಿದ್ದವು, ಕೆಲವು ದಪ್ಪನಾದವೂ ಇದ್ದವು. ಭಾರತಿಯ ಮುಖ ಅರಳಿತು. ಅಮರಮ್ಮ ಮಾತ್ರ ಬಿಸಿಲಿನ ಕಡೆ ನೋಡಿದಳು.

"ಈ ಸಲ ಹಸರ ಆಗಂಗಿಲ್ಲ ಅಂತ ಬರದ ಕೊಡತೀರೇನ್ರಿ?"

"ಇಲ್ಲ ಅಕ್ಕಾ. ಕೊಡಾಕ ಆಗಂಗಿಲ್ಲ."

"ನನಗೂ ಹಂಗ ಅನ್ನಿಸ್ತು," ಎಂದು ಅಮರಮ್ಮ ಹುಟ್ಟು ಎತ್ತಿದಳು. ಪಡುವಣ ಗಾಳಿ ಶುರುವಾಗಿತ್ತು. ತೆಪ್ಪ ತಿರುಗದಂತೆ ಗಟ್ಟಿಯಾಗಿ ಹಿಡಿದು, ತುಟಿಯಲ್ಲೇ ದೇವರ ಹೆಸರು ಹೇಳುತ್ತ, ಅವಳು ದಡದ ಕಡೆ ಹುಟ್ಟು ಹಾಕತೊಡಗಿದಳು.